ಹಿಟ್ಟಿನ ಗಿರಣಿಯ ಭಾಷೆ

ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದ ಮೇಲೆ ಜ್ಞಾನೇಶ ದುರ್ಗಿಗುಡಿಯ ತನ್ನ ಬಟ್ಟೆ ಅಂಗಡಿಗೆ ಹೋಗುವುದನ್ನು ಬಿಟ್ಟ. ಮೊದಮೊದಲು ಬೇಕಾದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದ. ಆಮೇಲೆ ಅದನ್ನೂ ಬದಿಗಿಟ್ಟು ಕಿಟಕಿಯ ಕಡೆ ಮುಖ ಮಾಡಿ ಕೂತ. ಬಂದ ನೆಂಟರು ಕಿವುಡನಿಗೆ ಹೇಳುವಂತೆ ಜೋರಾಗಿ ಮಾತಾಡಿ ಹೋಗುತ್ತಿದ್ದರು. ಹೆಂಡತಿ ಶೀತಲ್‌ಗೆ ಅಂಗಡಿಯ ಚಿಂತೆ ಇರಲಿಲ್ಲ. ಅದನ್ನು ಅವಳೇ ನಡೆಸುತ್ತಿದ್ದಳು. ಅವನು ತನ್ನ ಮುಖ ನೋಡದಿದ್ದುದೇ ಅವಳಿಗೆ ಸಂಕಟ.

ಕೊನೆಗೆ ಭದ್ರಾವತಿಯ ಉಮಾಮಹೇಶ್ವರನಿಗೆ ಫೋನ್ ಮಾಡಿದಳು. ಅವನೀಗ ಪುರೋಹಿತ. ತೊಂಬತ್ಮೂರನೇ ಇಸವಿಯಲ್ಲಿ ಗಂಡ ಹಾರ್ಡ್‌ಕೋರ್ ಪಂಕ್ ಎಂಬ ಅಬ್ಬರದ ಸಂಗೀತದ ಬ್ಯಾಂಡ್ ಕಟ್ಟಿದಾಗ ಡ್ರಮ್ಸ್ ಬಾರಿಸಿದವನು. ಜ್ಞಾನೇಶ ಹಾಡುತ್ತಿದ್ದ, ಅಂದರೆ ಕಿರುಚುತ್ತಿದ್ದ. ಗಿಟಾರ್ ಹಿಡಿದಿದ್ದ ಚೌಡಯ್ಯ ಮುಂದೆ ಎಲ್‌ಐಸಿ ಏಜೆಂಟ್ ಆದ. ಬೀದಿಯವರು ಬೈಯಬಾರದೆಂದು ಹಳೇನಗರದ ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ, ಗಿರಣಿ ಓಡುವಾಗ ಮಾತ್ರ ಅವರ ಅಭ್ಯಾಸ. ಆ ಗದ್ದಲದಲ್ಲಿ ಮಾತು ಕೇಳದೆ, ತುಟಿ ನೋಡಿಯೇ ತಿಳಿಯುವುದು ಮೂವರಿಗೂ ರೂಢಿಯಾಗಿತ್ತು. ಇದು ಶೀತಲ್‌ಗೆ ಗೊತ್ತಿರಲಿಲ್ಲ.

ಉಮಾಮಹೇಶ್ವರ ಬಂದವನೇ ಕುರ್ಚಿ ಎಳೆದು ಕಿಟಕಿಗೆ ಅಡ್ಡ ಕೂತ. ಅವನೂ ಧ್ವನಿ ಹೊರಡಿಸಲಿಲ್ಲ; ಬರೀ ತುಟಿ ಆಡಿಸಿದ. ಜ್ಞಾನೇಶ ಮುಖ ತಿರುಗಿಸಿದ. ಇವನು ಆ ಕಡೆಗೇ ಕುರ್ಚಿ ಎಳೆದ. ಸ್ವಲ್ಪ ಹೊತ್ತಿಗೆ ಜ್ಞಾನೇಶನ ತುಟಿಯೂ ಆಡಿತು. ಶೀತಲ್ ಕಾಫಿ ತರುವಷ್ಟರಲ್ಲಿ ಇಬ್ಬರೂ ಕೈ ಬೀಸಿ ಜಗಳಕ್ಕೆ ಬಿದ್ದಿದ್ದರು. ಜ್ಞಾನೇಶನ ಭುಜ ನಗುವಿಗೆ ಕುಲುಕುತ್ತಿತ್ತು.

ಅವಳಿಗೆ ಸಂತೋಷದ ಜೊತೆಗೆ ಹೊಟ್ಟೆಕಿಚ್ಚೂ ಆಯಿತು.

"ಏನಂತಾರೆ ಇವರು?"

"ಸಾರಿಗೆ ಉಪ್ಪು ಜಾಸ್ತಿ ಆಗ್ತಿದೆಯಂತೆ ಅತ್ತಿಗೆ. ಆಪರೇಷನ್ ಆದಾಗಿಂದ."

"ಇಷ್ಟು ದಿನ ಸುಮ್ನೆ ಉಂಡ್ರಲ್ಲ. ನಂಗೂ ಕಲಿಸಿಕೊಡಿ."

"ಕಲಿಸೋದೇನಿಲ್ಲ. ಬೇರೆ ದಾರಿ ಇಲ್ಲ ಅಂದ್ರೆ ತಾನಾಗೇ ಬರುತ್ತೆ, ಬ್ಯಾಂಡ್ ಕಾಲದಲ್ಲಿ ಹಿಟ್ಟಿನ ಗಿರಣಿ ಸದ್ದಲ್ಲಿ ನಮಗೆ ಬಂದ ಹಾಗೆ. ನೀವು ಮಾತಾಡ್ತೀರ, ಇವನಿಗಾಗಲ್ಲ. ಅದೇ ಇವನಿಗೆ ನಾಚಿಕೆ, ಮಾರಾಯ್ತಿ."

ಅವನು ಬಸ್ ಹಿಡಿದು ಹೋದ ಮೇಲೆ ಶೀತಲ್ ಗಂಡನ ಕೈ ಹಿಡಿದು ಅಡುಗೆಮನೆಗೆ ಕರೆತಂದು, ಖಾಲಿ ಮಿಕ್ಸಿಯನ್ನು ಜೋರಾಗಿ ತಿರುಗಿಸಿದಳು. ಆ ಸದ್ದಿನಲ್ಲಿ, ಧ್ವನಿಯಿಲ್ಲದೆ, ನನ್ನ ಮೇಲೆ ಸಿಟ್ಟಾ ಎಂದು ಕೇಳಿದಳು.

ಅವನು ಬೆಚ್ಚಿ ಅವಳ ತುಟಿ ನೋಡಿದ. ಇಲ್ಲವೆಂದು ತಲೆಯಾಡಿಸಿ ಏನೋ ಹೇಳಿದ. ಅವಳಿಗೆ ತಿಳಿಯಲಿಲ್ಲ. ಮತ್ತೆ ಹೇಳಿದ. ಆಗಲೂ ಇಲ್ಲ. ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಮಗುವಿಗೆ ಹೇಳುವಂತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

ಮಿಕ್ಸಿ ನಿಲ್ಲಿಸೇ, ಸುಟ್ಟುಹೋಗುತ್ತೆ.

ಅವಳಿಗೆ ತಿಳಿಯಿತು. ಆದರೂ ಇನ್ನೊಂದು ಸಲ ಹೇಳಿಸಿಕೊಂಡಳು.