ಸೌತೆಕಾಯಿಗೆ ಕಟ್ಟಿದ ಕಲ್ಲು

ಸೌತೆಕಾಯಿ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ನೋಡುವುದು ನನ್ನ ಉದ್ಯೋಗ. ನಗಬೇಡಿ. ಇದಕ್ಕೆ ತರಬೇತಿ ಇದೆ, ಬಿಳಿ ಕೋಟು ಇದೆ, ತಲೆಗೆ ಬಲೆಯಂಥ ಟೋಪಿ ಇದೆ. ಬೆಳೆಗಾರರು ತಂದ ಕಾಯಿಗಳು ನಮ್ಮ ಪ್ಯಾಕಿಂಗ್ ಶೆಡ್ಡಿನ ಬೆಲ್ಟಿನ ಮೇಲೆ ಸಾಲಾಗಿ ಸಾಗಿ ಬರುತ್ತವೆ. ನಾನು ಒಂದೊಂದನ್ನೇ ಎತ್ತಿ ಮರದ ಅಚ್ಚಿನಲ್ಲಿ ಮಲಗಿಸುತ್ತೇನೆ. ಅಲುಗಾಡದೆ ಮಲಗಿದ ಕಾಯಿ ವಿಮಾನ ಹತ್ತಿ ಪರದೇಶಕ್ಕೆ ಹೋಗುತ್ತದೆ. ಕೊಂಚ ಸೊಂಟ ತಿರುಗಿಸಿದ್ದು ಹಿಂದಿನ ಬಾಗಿಲಿನಿಂದ ದನದ ಕೊಟ್ಟಿಗೆಗೆ ಹೋಗುತ್ತದೆ. ನಮ್ಮ ಸುತ್ತಮುತ್ತಲಿನ ದನಗಳಷ್ಟು ಸೌತೆಕಾಯಿ ತಿಂದ ಮನುಷ್ಯರನ್ನು ನಾನು ನೋಡಿಲ್ಲ.

ಸೌತೆಕಾಯಿ ಯಾಕೆ ನೆಟ್ಟಗಿರಬೇಕು ಎಂದು ಹೊಸದರಲ್ಲಿ ಕೇಳಿದ್ದೆ. ಪೆಟ್ಟಿಗೆ ನೆಟ್ಟಗಿದೆಯಲ್ಲ, ಅದಕ್ಕೇ ಎಂದರು. ಪೆಟ್ಟಿಗೆಯನ್ನು ಮೊದಲು ಮಾಡಿ, ಆಮೇಲೆ ಸೌತೆಕಾಯಿಗೆ ಸುದ್ದಿ ಮುಟ್ಟಿಸಿದ್ದಾರೆ. ಶೆಡ್ಡಿನ ಗೋಡೆಯ ಮೇಲೆ ‘ಇಲ್ಲಿ ಏನನ್ನೂ ತಿನ್ನಕೂಡದು’ ಎಂಬ ದೊಡ್ಡ ಬೋರ್ಡು ಬೇರೆ. ಹಾಗಾಗಿ ಇಷ್ಟು ವರ್ಷದಲ್ಲಿ ನಾನು ಪಾಸು ಮಾಡಿದ ಒಂದು ಕಾಯಿಯ ರುಚಿಯೂ ನನಗೆ ಗೊತ್ತಿಲ್ಲ. ಅದನ್ನು ಯಾರೂ ಕೇಳಿಯೂ ಇಲ್ಲ.

ಇನ್ನು ನಮ್ಮಕ್ಕ. ಅವಳೂ ಭಾವನೂ ಬೇರೆಲ್ಲ ಬೆಳೆ ಬಿಟ್ಟು, ನಮ್ಮ ಶೆಡ್ಡನ್ನೇ ನಂಬಿಕೊಂಡು ಇಡೀ ಹೊಲಕ್ಕೆ ಸೌತೆ ಹಾಕಿದ್ದರು. ನಂಬಿಸಿದವಳು ನಾನೇ. ಅಕ್ಕನಿಗೊಂದು ಗೀಳು. ಕಾಯಿ ಕೀಳುವ ಮುಂಚೆ ಪ್ರತಿ ಬಳ್ಳಿಯದೂ ಒಂದನ್ನು ತೆಗೆದು, ತುದಿ ಕೊಯ್ದು, ಉಜ್ಜಿ, ನಾಲಿಗೆಗಿಟ್ಟು ನೋಡುತ್ತಾಳೆ. ಕಹಿ ಎನಿಸಿದರೆ ಆ ಬಳ್ಳಿಯದು ಯಾರಿಗೂ ಇಲ್ಲ. “ತಿಂದೋರು ನನಗೆ ಶಾಪ ಹಾಕ್ಬಾರ್ದು” ಎನ್ನುತ್ತಾಳೆ. ಸಮುದ್ರದಾಚೆ ತಿನ್ನುವವರಿಗೆ ಇವಳ ಗುರುತೇ ಇಲ್ಲ, ಶಾಪದ ವಿಳಾಸ ಎಲ್ಲಿಂದ ಸಿಗಬೇಕು? ಹೇಳಿದರೆ ಕೇಳುವ ಹೆಂಗಸಲ್ಲ.

ಅವಳ ಕಾಯಿ ಸಕ್ಕರೆ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಅಚ್ಚಿಗೆ ನಾಲಿಗೆ ಇರಲಿಲ್ಲ. ಅರ್ಧಕ್ಕರ್ಧ ಸೊಟ್ಟ. ನಾನೇ, ಈ ಕೈಯಾರೆ, ಅಕ್ಕನ ಲೋಡಿಗೆ ಕೆಂಪು ಚೀಟಿ ಅಂಟಿಸಿ ಕಳಿಸಿದೆ. ನಮ್ಮ ಮ್ಯಾನೇಜರು ಫೋನಿನಲ್ಲಿ ಯಾರು ಏನೆಂದರೂ “ಹ್ಞೂಂ” ಎನ್ನುವವರು. ಶೆಡ್ಡಿನಲ್ಲಿ ಅವರ ಹೆಸರೇ ಹ್ಞೂಂ ಸಾಹೇಬರು. ಅವರು ನನ್ನನ್ನು ಪಕ್ಕಕ್ಕೆ ಕರೆದರು. “ಇನ್ನೊಂದು ಲೋಡು ಹೀಗೇ ಬಂದ್ರೆ, ನಿಮ್ಮಕ್ಕನಿಗೆ ಇನ್ನು ಬರೋದೇ ಬೇಡ ಅಂದ್ಬಿಡಿ.”

ವಾರದ ರಜೆಗೆ ಅಕ್ಕನ ಮನೆಗೆ ಹೋದೆ. ಅಕ್ಕ ಮುಖ ಊದಿಸಿಕೊಂಡು ಬೆನ್ನು ಹಾಕಿ ಕೂತಳು.

“ಕಾಯಿ ಹೆಬ್ಬೆರಳಷ್ಟಿರುವಾಗ್ಲೇ ತುದಿಗೆ ದಾರದಲ್ಲಿ ಒಂದು ಪುಟ್ಟ ಕಲ್ಲು ಕಟ್ಟಿಬಿಡಕ್ಕಾ. ಭಾರಕ್ಕೆ ನೆಟ್ಟಗೆ ಬೆಳೆಯತ್ತೆ” ಎಂದೆ.

“ಅದೇನು ತಪ್ಪು ಮಾಡಿದೆ ಅಂತ ಕಲ್ಲು ಹೊರಿಸೋದು?”

“ಶಿಕ್ಷೆ ಅಲ್ಲ ಕಣೇ, ಶಿಸ್ತು” ಎಂದರು ಭಾವ. ಹಗಲೆಲ್ಲ ಮಂಚದ ಮೇಲೆ ಯಾವ ಅಚ್ಚಿಗೂ ಒಗ್ಗದ ಹಾಗೆ ಮಲಗುವ ಮನುಷ್ಯನ ಬಾಯಲ್ಲಿ ಈ ಮಾತು!

ಅಕ್ಕ ಬೈದುಕೊಂಡೇ ಕಟ್ಟಿದಳು. ಹೊಲದ ಸಾಲುಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಸಿಕ್ಕ ಸಿಕ್ಕ ಕಾಯಿಗೆಲ್ಲ ಕಲ್ಲು ಕಟ್ಟಿದಳು. ಕಾಯಿ ನೆಟ್ಟಗಾಗುತ್ತ ಬಂತು, ಅಕ್ಕನ ಬೆನ್ನು ಬಾಗುತ್ತ ಬಂತು. ಕೊನೆಗೊಂದು ದಿನ ಅವಳೇ ಫೋನು ಮಾಡಿ, “ಬಂದು ನೋಡೇ, ಪೆನ್ಸಿಲ್ ಇದ್ದ ಹಾಗಿವೆ. ನಾಳೆ ತರ್ತೀನಿ” ಎಂದಳು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಯಿತು. ಅವಳು ಅಷ್ಟು ಅಕ್ಕರೆಯಿಂದ ಮಾತಾಡಿ ಎಷ್ಟೋ ದಿನವಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಶೆಡ್ಡಿಗೆ ಕಾಲಿಟ್ಟರೆ, ಬೆಲ್ಟು ನಿಂತಿತ್ತು. ಚಿತ್ರ ತೋರಿಸಲೆಂದು ಗೋಡೆಯ ಮೇಲೆ ಬಿಳಿ ಪರದೆ ಇಳಿಬಿಟ್ಟಿದ್ದರು. ಕೊಳ್ಳುವ ಕಂಪನಿಯವರು ಒಬ್ಬ ಸಲಹೆಗಾರ್ತಿಯನ್ನು ವಿಮಾನದಲ್ಲಿ ಕಳಿಸಿದ್ದರು. ಸೌತೆಕಾಯಿ ಹೋಗುವ ದಾರಿಯಲ್ಲೇ ಬಂದಿದ್ದರು ಅನ್ನಿ. ಜಗತ್ತಿನಲ್ಲಿ ಎಷ್ಟೋ ಜನ ಹಸಿದು ಮಲಗುತ್ತಾರೆ, ನಾವು ಮಾತ್ರ ಸೊಟ್ಟಗಿದೆ ಎಂದು ಒಳ್ಳೆಯ ಆಹಾರವನ್ನು ಎಸೆಯುತ್ತೇವೆ ಎಂದು ಆಕೆ ಹೇಳುವಾಗ ಆಕೆಯ ಕಣ್ಣು ತುಂಬಿತು. ನನ್ನದೂ ತುಂಬಿತು. ಕಡೆಗೂ ಒಬ್ಬರಿಗೆ ಬುದ್ಧಿ ಬಂತಲ್ಲ ಎಂದು ಚಪ್ಪಾಳೆ ಹೊಡೆಯುವುದರಲ್ಲಿದ್ದೆ.

ಆಗ ಆಕೆ ಚೀಲದಿಂದ ಹೊಸ ಅಚ್ಚು ತೆಗೆದರು. ಅದು ಬಿಲ್ಲಿನಂತೆ ಬಾಗಿತ್ತು.

“ಇವತ್ತಿಂದ ನಮ್ಮ ಗ್ರಾಹಕರಿಗೆ ಬೇಕಾಗಿರೋದು ಸಹಜ ಸೌತೆಕಾಯಿ” ಎಂದರು. “ಇದಕ್ಕೆ ಸರಿಯಾಗಿ ಕೂರೋದನ್ನ ಪಾಸು ಮಾಡಿ.”

“ಇದಕ್ಕಿಂತ ಜಾಸ್ತಿ ಬಾಗಿದ್ರೆ, ಮೇಡಂ?” ಎಂದೆ.

“ಹೊಸ ಪೆಟ್ಟಿಗೆಗೆ ಹಿಡಿಸಲ್ಲ.”

“ಎರಡು ಕಡೆ ಬಾಗಿದ್ರೆ?”

“ಗ್ರಾಹಕರಿಗೆ ಗೊಂದಲ ಆಗತ್ತೆ.”

“ನೆಟ್ಟಗಿದ್ರೆ?”

ಆಕೆ ಹಿಂದಿನ ಬಾಗಿಲಿನ ಕಡೆ ನೋಡಿದರು. ಹ್ಞೂಂ ಸಾಹೇಬರು “ಹ್ಞೂಂ” ಎಂದರು. ಅಷ್ಟು ಹೊತ್ತಿಗೆ ಹೊರಗೆ ಅಕ್ಕನ ವ್ಯಾನಿನ ಹಾರ್ನು ಕೇಳಿಸಿತು.

ಅಕ್ಕ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದಳು. ಕ್ರೇಟಿನ ಮೇಲಿನ ಒದ್ದೆ ಬಟ್ಟೆಯನ್ನು ತಾನೇ ಸರಿಸಿ, ಮದುವೆ ಹೆಣ್ಣನ್ನು ತೋರಿಸುವಂತೆ ಕಾಯಿಗಳನ್ನು ತೋರಿಸಿದಳು. ಒಂದೊಂದೂ ಗೆರೆ ಎಳೆದಂತಿತ್ತು. ನಾನು ಒಂದನ್ನು ಎತ್ತಿ ಹೊಸ ಅಚ್ಚಿನಲ್ಲಿಟ್ಟೆ. ಅದು ಆ ತುದಿ ಈ ತುದಿ ಮುಟ್ಟಿಸಿಕೊಂಡು, ಹೊಟ್ಟೆ ಎತ್ತಿಕೊಂಡು ನಿಂತಿತು. ನಾನು ಕೆಂಪು ಚೀಟಿಯ ಕಟ್ಟಿಗೆ ಕೈ ಹಾಕಿದೆ.

“ಅಲ್ಲಾ ಕಣೇ, ನೀನೇ ತಾನೆ...”

“ಅದು ಹಳೇ ರೂಲ್ಸು, ಅಕ್ಕಾ” ಎಂದೆ ಮೆಲ್ಲಗೆ.

ಸಲಹೆಗಾರ್ತಿ ಹತ್ತಿರ ಬಂದು ಒಂದು ಕಾಯಿಯನ್ನು ಕೈಗೆತ್ತಿಕೊಂಡರು. ತುದಿಯಲ್ಲಿ ದಾರದ ಗಾಯದ ಗುರುತು ಇನ್ನೂ ಇತ್ತು. ಪಾಪ, ಆಕೆಗೆ ನಿಜಕ್ಕೂ ನೋವಾಗಿತ್ತು. “ಯಾಕಮ್ಮಾ, ಪ್ರಕೃತಿಗೆ ಯಾಕೆ ಇಷ್ಟು ಹಿಂಸೆ ಕೊಟ್ರಿ?” ಎಂದು ಅಕ್ಕನನ್ನು ಕೇಳಿದರು.

ಅಕ್ಕ ನನ್ನ ಮುಖ ನೋಡಿದಳು. ಕಲ್ಲು ಕಟ್ಟಿಸಿದ್ದು ನಾನು, ಹಾಗೆ ಕಟ್ಟಿಸುವಂತೆ ಮಾಡಿದ್ದು ನಿಮ್ಮ ಪೆಟ್ಟಿಗೆ ಎಂದು ನಾನು ಹೇಳಬೇಕಾಗಿತ್ತು. ಹ್ಞೂಂ ಸಾಹೇಬರು ಪಕ್ಕದಲ್ಲೇ ಇದ್ದರು. ನಾನು ಅಚ್ಚನ್ನು ಒರೆಸುತ್ತ ನಿಂತೆ. ಅಕ್ಕ ತಾನೇ ನನ್ನ ಕೈಯಿಂದ ಚೀಟಿ ಕಿತ್ತುಕೊಂಡು ಕ್ರೇಟಿಗೆ ಅಂಟಿಸಿ, ಕಾಯಿಗಳನ್ನೆಲ್ಲ ವಾಪಸು ಹೇರಿಕೊಂಡು ವ್ಯಾನು ಹತ್ತಿದಳು. ನನಗೆ ನಾಚಿಕೆಯಾಯಿತು. ನೆಲ ಬಾಯಿ ಬಿಡಬಾರದೇ ಎನಿಸುವಷ್ಟು ನಾಚಿಕೆಯಾಯಿತು.

ನಮ್ಮ ಸಂಸ್ಥೆ ಕರುಣೆಯುಳ್ಳದ್ದು. ಅಕ್ಕನಿಗೆ ಇನ್ನೊಂದು ಅವಕಾಶ ಕೊಟ್ಟಿತು. “ನೆಟ್ಟಗೆ ಮಾಡೋದು ಕಲಿಸಿದ್ದು ನೀವೇ ಅಲ್ವಾ? ಈಗ ಬಗ್ಗಿಸೋದು ಕಲಿಸ್ಬಿಡಿ” ಎಂದರು ಹ್ಞೂಂ ಸಾಹೇಬರು. ಪ್ರಕೃತಿ ಸಹಜವಾಗಿ ಬಾಗಬೇಕಾದ ಅಳತೆಗೆ ಸರಿಯಾಗಿ ಬಾಗಿಸಿದ ಪ್ಲಾಸ್ಟಿಕ್ ಕೊಳವೆಗಳನ್ನು ಒಂದು ಚೀಲ ತುಂಬ ಕೊಟ್ಟರು. ಎಳೆ ಕಾಯಿಯನ್ನು ಅದರೊಳಗೆ ತೂರಿಸಿದರೆ ಸಾಕು, ಸಹಜತೆ ತಾನಾಗಿ ಬರುತ್ತದಂತೆ.

ಅವತ್ತು ಸಂಜೆಯೇ ಚೀಲ ಹೊತ್ತು ಅಕ್ಕನ ಮನೆಗೆ ಹೋದೆ. ಭಾವ ಮಂಚದಿಂದಲೇ ಕೊಳವೆಯೊಂದನ್ನು ತಿರುಗಿಸಿ ನೋಡಿ, “ಪರವಾಗಿಲ್ಲ, ಈ ಸಲ ಶಿಸ್ತು ಸ್ವಲ್ಪ ಸಡಿಲ ಆಗಿದೆ” ಎಂದರು. ಅಕ್ಕ ಅಡುಗೆಮನೆಯಲ್ಲಿ ಆ ವಾಪಸು ಬಂದ ಕಾಯಿಗಳ ರಾಶಿಯ ನಡುವೆ ಕೂತಿದ್ದಳು. ಒಂದನ್ನು ಹೆಚ್ಚಿ, ಉಪ್ಪು ಸವರಿ, ತಟ್ಟೆ ನನ್ನ ಮುಂದೆ ತಳ್ಳಿದಳು. ತಿಂದೆ. ತಣ್ಣಗೆ, ಗರಿಗರಿಯಾಗಿ, ಬಾಯಿ ತುಂಬ ನೀರಾಗುವಂತಿತ್ತು.

“ಕಹಿ ಇದೆಯಾ?” ಎಂದಳು.

“ಇಲ್ಲಕ್ಕಾ.”

“ಬಲ್ತಿದೆಯಾ?”

“ಇಲ್ಲ.”

“ಹುಳ ಗಿಳ?”

“ಇಲ್ಲ.”

“ಮತ್ಯಾಕೆ ವಾಪಸ್ ಕಳಿಸ್ದೆ?”

ಬಾಯಿ ತೆರೆದೆ. ಪರದೆಯ ಮೇಲಿನ ಚಿತ್ರಗಳು, ಹೊಸ ಪೆಟ್ಟಿಗೆ, ಗ್ರಾಹಕರ ಗೊಂದಲ, ಎಲ್ಲವನ್ನೂ ಒಂದೊಂದಾಗಿ ಒಪ್ಪಿಸತೊಡಗಿದೆ. ಅಕ್ಕ ಕಿಟಕಿಯ ಮೇಲಿಟ್ಟಿದ್ದ ಡಬ್ಬಿಯಿಂದ ದಾರ ಸಮೇತ ಒಂದು ಕಲ್ಲು ತೆಗೆದು ನನ್ನ ತಟ್ಟೆಗೆ ಹಾಕಿದಳು.

“ತಗೋ, ನಿನ್ನ ನಾಲಿಗೆಗೆ ಕಟ್ಕೋ. ನಮ್ಮ ಕಾಯಿ ಇನ್ನು ನಿಮ್ಮ ಶೆಡ್ಡಿಗೆ ಬರಲ್ಲ. ಏನು ಬೆಳೀಬೇಕು, ಎಲ್ಲಿ ಮಾರ್ಬೇಕು ಅಂತ ನಾನು ನೋಡ್ಕೋತೀನಿ.”

ನಾನು ಎದ್ದೆ. ಅಕ್ಕ ನನ್ನ ಚೀಲ ಎಳೆದುಕೊಂಡು ಕೊಳವೆಗಳನ್ನೆಲ್ಲ ಮೂಲೆಗೆ ಸುರಿದಳು. ಅದೇ ಚೀಲಕ್ಕೆ ರಾಶಿಯಿಂದ ಕಾಯಿ ತುಂಬತೊಡಗಿದಳು, ಪ್ರತಿ ಸಲ ನಾನು ಹೊರಡುವಾಗ ತುಂಬುವಂತೆ. ಸೊಟ್ಟಗಿದೆಯೋ ನೆಟ್ಟಗಿದೆಯೋ ನೋಡಲಿಲ್ಲ. ಒಂದೊಂದರ ತುದಿ ಕೊಯ್ದು, ಉಜ್ಜಿ, ನಾಲಿಗೆಗಿಟ್ಟು ನೋಡಿ ಹಾಕಿದಳು. ಹೇಗೋ ಕಣ್ತಪ್ಪಿ ಬಂದಿದ್ದ ಒಂದು ಕಾಯಿ ಕಹಿಯಿತ್ತು. ಮುಖ ಕಿವುಚಿ ಅದನ್ನೊಂದನ್ನು ಮಾತ್ರ ಹೊರಗೆ ಎಸೆದಳು.