ಒಬ್ಬನಿಗೆ ಎರಡು ಗ್ರಾಂ

ಸೊನ್ನೆ ಅಲುಗಲಿಲ್ಲ, ಕಾಗದದ ಮೇಲೆ ಪ್ರಬುದ್ಧ ಇನ್ನೊಂದು ಚಿಟಿಕೆ ಪುಡಿ ಉದುರಿಸಿದ, ಮತ್ತೆ ಸೊನ್ನೆ — ಅವನು ಕೆಲಸ ಮಾಡುವ ಕೂಡ್ಲಿಗಿಯ ಈ ಕೊರಿಯರ್ ಅಂಗಡಿಯ ತಕ್ಕಡಿಗೆ ಹತ್ತು ಗ್ರಾಮಿಗಿಂತ ಕಡಿಮೆ ಇರುವುದೆಲ್ಲ ಇಲ್ಲದ್ದೇ, ಅವನಿಗೆ ಬೇಕಾದದ್ದು ಎರಡು, ತೆಲಿಗಿಯ ಶಾಲೆಯಲ್ಲಿ ಅವ್ವ ನೂರಿಪ್ಪತ್ತು ಮಕ್ಕಳ ಬಿಸಿಯೂಟದ ಸಾಂಬಾರಿಗೆ ಕಾಲು ಕೆಜಿ ಪುಡಿ ಹಾಕುತ್ತಿದ್ದಳು, ಭಾಗಿಸಿದರೆ ತಲೆಗೆ ಎರಡು ಗ್ರಾಂ, ಮೇಲೊಂದು ಚೂರು, ಆ ಚೂರು ಹಾಳಾಗಲಿ. ಬಾಟಲಿಯ ತಳದಲ್ಲಿ ಅವಳು ಕುಟ್ಟಿದ್ದು ಉಳಿದಿರುವುದು ಇಷ್ಟೇ, ಅವಳು ಹೋಗಿ ಹನ್ನೊಂದು ತಿಂಗಳು, ಸರಿಯಾಗಿ ಅಳೆದರೆ ಮೂರು ಊಟ, ತಪ್ಪಿದರೆ ಒಂದೂ ಇಲ್ಲ, ನಾಲಿಗೆ ಈಗಾಗಲೇ ಆ ರುಚಿಯನ್ನು ಅರ್ಧ ಮರೆತಿದೆ. ಶಾಲೆಯ ಅಡುಗೆಮನೆಯ ಗೋಡೆಯ ಮೇಲೆ ನೀಲಿ ಅಕ್ಷರ, ಒಂದು ಮಗುವಿಗೆ ಅಕ್ಕಿ ನೂರು ಗ್ರಾಂ, ಬೇಳೆ ಇಪ್ಪತ್ತು, ಎಣ್ಣೆ ಐದು — ಅಕ್ಕಿಯ ಅಳತೆ ಟೀ ಲೋಟಕ್ಕೆ ಬಂದಿದೆ, ಅಂಚಿನ ಮಟ್ಟಕ್ಕೆ ಒಂದು, ಬೇಳೆಯದು ಚಮಚಕ್ಕೆ ಬಂದಿದೆ, ಪುಡಿಯದು ಮಾತ್ರ ಬರುತ್ತಿಲ್ಲ, ನಿನ್ನೆ ಅಂಗಡಿಯಲ್ಲಿ ಕೊಂಡ ಪುಡಿ ಹತ್ತು ಚಮಚ ತೂಗಿದ, ಮೂವತ್ತು ಗ್ರಾಂ, ಆದರೆ ಅದು ಹಿಟ್ಟಿನಂತೆ ಒತ್ತಿ ಕೂರುತ್ತದೆ, ಅವ್ವನದು ತರಿತರಿ, ಕೊಬ್ಬರಿ, ಕೊತ್ತಂಬರಿ ಬೀಜ, ನಡುವೆ ಗಾಳಿ, ಅದೇ ಚಮಚ ತುಂಬಿದರೂ ಹಗುರ, ಎಷ್ಟು ಹಗುರ ಎಂದು ಹೇಳುವವರು ಯಾರು. ಮನೆಯಲ್ಲಿ ಅವಳು ಸಾಂಬಾರ್ ಮಾಡಿದ್ದೇ ಇಲ್ಲ, ಆ ದೊಡ್ಡ ಪಾತ್ರೆ ತಿರುವಿ ಬಂದ ಕೈ ಮೇಲೇಳುತ್ತಿರಲಿಲ್ಲ, ಉಳಿದದ್ದನ್ನೇ ತರುತ್ತಿದ್ದಳು, ಒಮ್ಮೆ ಫೋನಿನಲ್ಲಿ ಕೇಳಿದ್ದ, ಅವ್ವ, ಒಬ್ಬನಿಗೆ ಎಷ್ಟು ಹಾಕಬೇಕು, ಒಬ್ಬನಿಗೆ ಯಾರರ ಸಾಂಬಾರ್ ಮಾಡ್ತಾರೇನ್ಲೇ, ನಕ್ಕಿದ್ದಳು, ಅವನೂ ನಕ್ಕು ಫೋನ್ ಇಟ್ಟಿದ್ದ.

ಏನಣ್ಣ, ಖಾರ ಪಾರ್ಸಲ್ ಮಾಡಾಕತ್ತೀರಿ, ಯಾವ ಊರಿಗೆ — ಪಕ್ಕದ ಕೌಂಟರಿನ ಅರ್ಚನಾ, ಊಟ ಮುಗಿಸಿ ಬಂದಳು, ತೆಲಿಗಿಯವಳೇ, ಶಾಲೆಯಲ್ಲಿ ಒಂದು ಕ್ಲಾಸು ಕೆಳಗೆ, ಅದಿನ್ನೂ ಸೊನ್ನಿ ತೋರಸಾಕತ್ತೈತೇನು, ಹೂಂ, ಎಂದ, ಕಾಗದ ಮಡಚಿ ಒಂದು ಕಾಳೂ ಬೀಳದಂತೆ ಬಾಟಲಿಗೆ ಸುರಿದ. ಪುಡಿ ಮುಗಿಯಾಕ ಬಂದೈತಂತ ನಿನ್ನಿ ಹೇಳಿದ್ರಲ್ಲ, ಅದಕ್ಕ ನಮ್ಮನಿ ಪುಡಿ ತಂದೀನಿ ನೋಡ್ರಿ, ಎಂದು ಅವಳು ಸ್ಟೀಲ್ ಡಬ್ಬಿಯೊಂದನ್ನು ಕೌಂಟರಿನ ಮೇಲಿಟ್ಟಳು, ಮುಚ್ಚಳ ಮುಚ್ಚಿದ ಡಬ್ಬಿ — ಅಂದಿನ ಶಾಲೆಯ ಜಗಲಿ, ಆ ತುದಿಯಲ್ಲಿ ಐದಾರು ಡಬ್ಬಿಗಳು, ಮೇಲಿನ ಕೇರಿಯ ಮಕ್ಕಳು ತಂದ ಮನೆಯ ಬುತ್ತಿ, ಈ ತುದಿಯಲ್ಲಿ ತಟ್ಟೆ ಹಿಡಿದ ಸಾಲು, ಸಾಲು ಮುಗಿದ ಮೇಲೂ ಅವ್ವ ಸೌಟು ಕೆಳಗಿಡುವುದಿಲ್ಲ, ಇನ್ನೂ ಐತಿ, ಯಾರಿಗರ ಬೇಕೇನ್ರೋ, ದಿನಾ ಕೇಳುತ್ತಾಳೆ, ಆ ತುದಿಯಲ್ಲಿ ಒಂದು ತಲೆಯೂ ಏಳುವುದಿಲ್ಲ, ಸೌಟಿನ ತುದಿಯಿಂದ ಹನಿ ಬೀಳುತ್ತದೆ, ಇನ್ನೊಂದು ಹನಿ, ಆ ತಲೆಗಳಲ್ಲಿ ಎರಡು ಜಡೆಯ ಒಂದು ತಲೆ ಇವಳದು. ನಮ್ಮಜ್ಜಿ ಉಣ್ಣಾಕ ಬಿಡ್ತಿರಲಿಲ್ಲಣ್ಣ, ಎನ್ನುತ್ತಿದ್ದಾಳೆ ಅರ್ಚನಾ, ಅವನ ಮುಖ ನೋಡದೆ, ನಿಮ್ಮವ್ವಾರ ಸಾಂಬಾರಿನ ವಾಸನಿ ಅಷ್ಟ ಗೊತ್ತು ನನಗ, ಒಬ್ಬರಿಗಂತ ಮಾಡಿದ್ರ ಹಿಂಗ ಸೊನ್ನೀನ ಬರತೈತಿ, ಹತ್ತು ಮಂದಿಗೆ ಮಾಡ್ರಿ, ಅವರ ಪುಡಿಗೆ ನಮ್ಮದು ಕೂಡಿಸ್ರಿ, ತಕ್ಕಡಿಗೂ ಹತ್ತತೈತಿ, ಭಾನುವಾರ ನಾನೂ ಬರ್ತೀನಿ, ಅವತ್ತು ತಿನ್ನಲಿಲ್ಲ, ಈಗರ ತಿಂತೀನಿ. ಅವಳು ಮುಚ್ಚಳ ತೆಗೆದಿದ್ದಾಳೆ, ಒಳಗೆ ನುಣ್ಣನೆಯ ಕೆಂಪು ಪುಡಿ, ಒಳ್ಳೆಯ ಪುಡಿಯೇ, ಒಳ್ಳೆಯ ಹುಡುಗಿಯೇ, ಹತ್ತು ಮಂದಿಯಾದರೆ ಇಪ್ಪತ್ತು ಗ್ರಾಂ, ತಕ್ಕಡಿ ಮಾತಾಡುತ್ತದೆ, ಅವನ ಒಂಟಿ ಕೋಣೆಯಲ್ಲಿ ಮಾತು ಕೇಳುತ್ತದೆ, ಆಮೇಲೆ ಆ ಸಾಂಬಾರಿನಲ್ಲಿ ಅವ್ವ ಎಲ್ಲಿ — ಸೌಟು ಹಿಡಿದು ನಿಂತಿದ್ದಾಳೆ, ಇನ್ನೂ ಐತಿ, ಸೌಟಿನ ತುದಿಯಲ್ಲಿ ಹನಿ, ಬೀಳುವುದಿಲ್ಲ, ಹಾಗೇ ನಿಂತಿದೆ.

ಬ್ಯಾಡ, ಎಂದ ಪ್ರಬುದ್ಧ.