ಬಂಗಾರಿ ಕುರ್ಚಿಯಲ್ಲಿ ಕೂತದ್ದು

"ವಿಷ ಕುಡ್ದವ ಅಷ್ಟೊತ್ತು ಹಾಡ್ತನಾ?" ಹರಿವೆ ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತ ಬಂಗಾರಿ ಕೇಳಿದಳು. "ಹಾಲು ಕುಡ್ದ, ಬಿದ್ದ. ಎದ್ದು ಪದ ಹೇಳ್ದ. ಮತ್ತೆ ಬಿದ್ದ, ಮತ್ತೆ ಎದ್ದ. ಅಷ್ಟು ಉಸ್ರು ಇತ್ತಲ, ಎದ್ದು ಡಾಕ್ಟ್ರ ಮನೀಗೆ ಓಡೂಕೆ ಎಂತ ಆಗಿತ್ತು ಅವಂಗೆ?"

ಸುತ್ತ ನಿಂತವರೆಲ್ಲ ನಕ್ಕರು. 'ಮಲತಾಯಿಯ ಹಾಲು' ಎಂಬ ನಾಟಕ ಕುಮಟೆಯ ಪೇಟೆಯಲ್ಲಿ ಅಲ್ಲಿಗೆ ಸತ್ತಿತು, ಹಾಲು ಕುಡಿದ ಮಗನಿಗಿಂತ ಎಷ್ಟೋ ಬೇಗ.

ಕುಮಟೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಐದಾರು ವರ್ಷವಾಗಿದ್ದ ಕಾಲ ಅದು. ಆ ಬೇಸಿಗೆ ಗದಗಿನ ಕಡೆಯ ನಾಟಕ ಕಂಪನಿಯೊಂದು ಊರ ಹೊರಗೆ ಕೊಯ್ಲಾದ ಗದ್ದೆಯಲ್ಲಿ ಡೇರೆ ಹೊಡೆದಿತ್ತು. ಬಂಗಾರಿ ಹಂದಿಗೋಣದಿಂದ ದಿನಾ ತರಕಾರಿ ಬುಟ್ಟಿ ಹೊತ್ತು ಪೇಟೆಗೆ ಬರುವ ಹೆಂಗಸು. ಗಂಡ ಶುಕ್ರ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಹೊಸ ನಾಟಕ ಹಾಕಿದಾಗಲೆಲ್ಲ ನೆಲದ ಟಿಕೀಟು ತೆಗೆದು, ಹೆಂಗಸರ ಕಡೆ ಚಾಪೆ ಹಾಸಿಕೊಂಡು ನೋಡುತ್ತಿದ್ದಳು. ಮರುದಿನ ಬೆಳಿಗ್ಗೆ ಪೇಟೆಯಲ್ಲಿ ತೀರ್ಪು.

ಅವಳ ತೀರ್ಪಿಗೆ ಬೆಲೆ ಬಂದದ್ದು ನಾಟಕದಿಂದಲ್ಲ, ಬದನೆಕಾಯಿಯಿಂದ. "ಇವತ್ತು ಬದನೆ ತಕಬೇಡಿ, ಹುಳ ಅದೆ" ಎಂದು ತನ್ನ ಮಾಲನ್ನು ತಾನೇ ಬೈಯುವ ಇನ್ನೊಬ್ಬ ವ್ಯಾಪಾರಿ ಅಲ್ಲಿರಲಿಲ್ಲ. ನಮ್ಮ ಜನವಂತೂ ಕೊಂಡ ಎಣ್ಣೆಯನ್ನು ಅಂಗಡಿಯಲ್ಲೊಮ್ಮೆ ಮೂಸಿ, ಮನೆಗೆ ಹೋಗಿ ಹೆಂಡತಿಯಿಂದ ಮೂಸಿಸಿ, ಆಮೇಲೆ ದೀಪಕ್ಕೆ ಹಾಕುವವರು. ಅಂಥವರು ಬಂಗಾರಿಯ ಬುಟ್ಟಿಗೆ ಮಾತ್ರ ಕಣ್ಣು ಮುಚ್ಚಿ ಕೈ ಹಾಕುತ್ತಿದ್ದರು.

ಹಾಗೆಂದು ಅವಳ ತೀರ್ಪೆಲ್ಲ ನ್ಯಾಯವೆಂದು ಹೇಳಲಾರೆ. 'ದಿವಾನರ ಖಡ್ಗ'ದಲ್ಲಿ ರಾಜನಾದವನ ಮೂಗು ಅವಳ ಮೈದುನನ ಮೂಗಿನಂತಿತ್ತು. ಮೈದುನನಿಗೂ ಅವಳಿಗೂ ಗದ್ದೆಯ ಅಂಚಿನ ಜಗಳ. ಆ ರಾಜ ಎಷ್ಟು ಚೆನ್ನಾಗಿ ಸತ್ತರೂ ಅವಳು ಒಪ್ಪಲಿಲ್ಲ. ಪುರಾಣದ ಆಟದಲ್ಲಿ ಶಿವನನ್ನು ಹಗ್ಗ ಕಟ್ಟಿ ಮೇಲಿಂದ ಇಳಿಸಿದರೆ, "ದೇವ್ರು ಬಂದದ್ದು ಸಮಾ. ಆದ್ರೆ ಹಗ್ಗ ಹಿಡ್ದವ ಮೇಲೆ ಕೆಮ್ಮತಾನಲ, ಕೈಲಾಸದಲ್ಲೂ ಗೂರಲು ಅದ್ಯಾ?" ಎಂದಳು. 'ಪೇಟೆಯ ಸೊಸೆ'ಗೆ ಅವಳ ಸಲಹೆ ಬೇರೆಯೇ: "ಹಾಸ್ಯದವ ಇರೂವರೆಗೆ ನೋಡಿ. ಅವ ಒಳಗೆ ಹೋದ ಕೂಡ್ಲೆ ನೀವೂ ಮನೀಗೆ ಹೋಗಿ." ಆ ರಾತ್ರಿ ಹಾಸ್ಯದವ ಒಳಗೆ ಹೋದದ್ದೇ ತಡ, ಅರ್ಧ ಡೇರೆ ಎದ್ದು ಹೊರಟಿತು.

ಮರುದಿನ ಕಂಪನಿಯ ಮ್ಯಾನೇಜರ್ ಬಸಲಿಂಗಪ್ಪ ಪೇಟೆಗೆ ಬಂದ. ಬಂಗಾರಿಯ ಎದುರು ಕುಕ್ಕರುಗಾಲಿನಲ್ಲಿ ಕೂತು, ಈರುಳ್ಳಿಯ ಗೊಂಚಲೊಂದನ್ನು ಎತ್ತಿ ನೋಡುತ್ತ ಮಾತು ತೆಗೆದ.

"ಯವ್ವಾ, ನಿನ್ನ ಬಾಯಿಗೆ ಹೆದರಿ ನಮ್ಮ ರಾಜಾ ರಾತ್ರಿ ಉಣ್ಣವಲ್ಲ. ಸ್ವಲ್ಪ ಮೆಲ್ಲಕ ಮಾತಾಡಬೇಕು ನೋಡು."

"ನಾ ಎಂತ ಮಾಡ್ಲಿ? ಚಲೋ ಆಟ ಕೊಡಿ, ಚಲೋ ಹೇಳ್ತೆ. ಹುಳುಕು ಕೊಟ್ರೆ ಹುಳುಕೇ ಹೇಳ್ತೆ."

"ಐತವಾರ ಹೊಸಾದು ಐತಿ, 'ಎರಡು ತಟ್ಟೆ ಅನ್ನ' ಅಂತ. ಅದರಾಗ ಹಾಡಿಲ್ಲ, ಕತ್ತಿ ಇಲ್ಲ. ನನಗ ಧೈರ್ಯ ಇಲ್ಲ. ನಮ್ಮ ಚಂಪಾಬಾಯಿ ಮಾತ್ರ ಮಾಡೇ ಮಾಡ್ತೀನಿ ಅಂತ ಹಟಾ ಹಿಡದಾಳ."

ಹೋಗುವಾಗ ಕಂಪನಿಯ ಅಡಿಗೆಗೆಂದು ಎರಡು ಗೊಂಚಲು ಈರುಳ್ಳಿ ಕೊಂಡ. ಪೇಟೆ ತುಂಬ ಈರುಳ್ಳಿ ತೂಗುತ್ತಿರುವಾಗ ತನ್ನ ಹತ್ತಿರವೇ ಯಾಕೆ ಎಂದು ಬಂಗಾರಿಗೂ ಗುಮಾನಿ ಬಂತು. "ಕಣ್ಣಿಗೆ ಹಚ್ಕಂಡು ಅಳೂಕಾದ್ರೆ ಬೇಡಿ ಒಡ್ಯಾ, ಇದು ನಮ್ಮೂರ ಸಿಹಿ ಈರುಳ್ಳಿ. ನೀರು ಬರೂದಿಲ್ಲ" ಎಂದಳು. ಬಸಲಿಂಗಪ್ಪ ದೊಡ್ಡದಾಗಿ ನಕ್ಕ. ಅವಳ ಬೆನ್ನ ಹಿಂದಿನ ಅಂಗಡಿಯಲ್ಲಿ ದರ್ಜಿ ಬೊಮ್ಮಯ್ಯ ಹೊಲಿಗೆ ಮಶೀನು ನಿಲ್ಲಿಸಿ ಆ ನಗುವನ್ನು ಕೇಳಿದ. ಬೊಮ್ಮಯ್ಯ ಕೇಳಿದ್ದನ್ನು ಪೇಟೆಯೂ ಕೇಳಿತೆಂದೇ ಲೆಕ್ಕ.

ಐತವಾರ ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅಕಾಲದ ಮಳೆ ಹೊಡೆಯಿತು. ಹೆಂಗಸರ ಕಡೆಯ ನೆಲ ಒದ್ದೆಯಾಗಿ ಚಾಪೆಯಡಿಗೆ ಕೆಸರು ಒಸರಿತು. ಹೆಚ್ಚಿನವರು ಎದ್ದು ಮನೆಗೆ ಓಡಿದರು. ಟಿಕೀಟು ತೆಗೆದದ್ದನ್ನು ಅರ್ಧಕ್ಕೆ ಬಿಟ್ಟು ಹೋಗುವವಳಲ್ಲ ಬಂಗಾರಿ. ಚಾಪೆ ಸುತ್ತಿ ಕಂಕುಳಲ್ಲಿಟ್ಟು ಕಂಬಕ್ಕೆ ಒರಗಿ ನಿಂತಳು. ಮಾಮಲೇದಾರರಿಗೆಂದು ಮುಂದೆ ಹಾಕಿದ್ದ ಕುರ್ಚಿ ಖಾಲಿ ಇತ್ತು, ಸಾಹೇಬರು ಬಂದಿರಲಿಲ್ಲ. "ಇಲ್ಲೆ ಕುಂದರು ಬಾ ಯವ್ವಾ" ಎಂದ ಬಸಲಿಂಗಪ್ಪ. ಬೇಡವೆಂದಳು. "ಅಡ್ಡ ಆಗ್ತದೆ, ಕೂತ್ಕಳೇ!" ಎಂದು ಹಿಂದಿನಿಂದ ಯಾರೋ ಗದರಿದರು. ಕುರ್ಚಿಯ ತುದಿಯಲ್ಲಿ ಕೂತಳು.

ನಾಟಕದಲ್ಲಿ ಕತೆಯೆಂಬುದೇ ಕಡಿಮೆ. ಕಲ್ಲು ಒಡೆಯಲು ಹೋಗುವ ಗಂಡ, ಮನೆಯಲ್ಲಿ ಹೆಂಡತಿ. ಚಿಕ್ಕಪುಟ್ಟ ಜಗಳ, ಒಂದಿಷ್ಟು ನಗು. ಹೆಂಡತಿಯಾದವಳು ಚಂಪಾಬಾಯಿ. ಒಂದು ದಿನ ಗಂಡ ಕಲ್ಲಿನಡಿಗೆ ಸಿಕ್ಕಿ ಸಾಯುತ್ತಾನೆ. ಹೆಣ ಹೊತ್ತು ಹೋಗುತ್ತಾರೆ, ಬಂದವರು ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಎಷ್ಟೋ ಹೊತ್ತಿನ ಮೇಲೆ ಅವಳು ಎದ್ದು, ರೂಢಿಯಂತೆ ಎರಡು ತಟ್ಟೆ ಇಡುತ್ತಾಳೆ. ಒಂದಕ್ಕೆ ಬಡಿಸುತ್ತಾಳೆ. ಇನ್ನೊಂದಕ್ಕೆ ಬಡಿಸಲು ಹೋದ ಕೈ ನಿಲ್ಲುತ್ತದೆ. ಆ ತಟ್ಟೆಯನ್ನು ಸೆರಗಿನಲ್ಲಿ ಒರೆಸಿ, ಯಾರಾದರೂ ನೋಡಿದರೋ ಎಂದು ಬಾಗಿಲ ಕಡೆಗೊಮ್ಮೆ ನೋಡಿ, ಮತ್ತೆ ಗೂಡಿನಲ್ಲಿಡುತ್ತಾಳೆ. ಅಳುವುದಿಲ್ಲ, ಹಾಡುವುದಿಲ್ಲ.

ಶುಕ್ರ ಸತ್ತ ರಾತ್ರಿ ಬಂಗಾರಿಯೂ ಹೀಗೇ ಎರಡು ತಟ್ಟೆ ಇಟ್ಟಿದ್ದಳು, ಹೀಗೇ ಬಾಗಿಲ ಕಡೆ ನೋಡಿದ್ದಳು. ಯಾರಿಗೂ ಹೇಳದ ಗುಟ್ಟು ಘಟ್ಟದ ಮೇಲಿನವರಿಗೆ ಹೇಗೆ ಮುಟ್ಟಿತೆಂದು ಮೊದಲು ಅನುಮಾನವೇ ಬಂತು. ಯಾರು ಹೇಳಿದರು ಇವರಿಗೆ? ಆಮೇಲೆ ತಿಳಿಯಿತು, ಯಾರೂ ಹೇಳಿಲ್ಲ. ಎಲ್ಲ ಮನೆಯಲ್ಲೂ ಆಗುವುದೇ ಇದು, ಯಾರೂ ಯಾರಿಗೂ ಹೇಳುವುದಿಲ್ಲ. ಮಾಮಲೇದಾರರ ಕುರ್ಚಿಯಲ್ಲಿ ಕೂತು ಬಂಗಾರಿ ಬಿಕ್ಕಿ ಬಿಕ್ಕಿ ಅತ್ತಳು. ಊರಿನ ಒಬ್ಬೊಬ್ಬರೂ ಇದನ್ನು ನೋಡಬೇಕು ಎಂದುಕೊಂಡಳು.

ಬೆಳಿಗ್ಗೆ ಬುಟ್ಟಿ ಇಳಿಸುವುದಕ್ಕೆ ಪುರಸೊತ್ತಿಲ್ಲ, ಪಕ್ಕದಲ್ಲಿ ಕೂತು ಹೂವು ಮಾರುವ ದುರ್ಗಮ್ಮ ಕೇಳಿದಳು. ಅವಳೂ ಗಂಡ ಸತ್ತವಳೇ.

"ಹ್ಯಾಂಗಿತ್ತೇ?"

"ಚಲೋ ಇತ್ತು. ಇಷ್ಟು ವರ್ಷದಲ್ಲಿ ಇಂಥಾದ್ದು ನಾ ಕಂಡದ್ದಿಲ್ಲ. ಎಲ್ಲರೂ ಹೋಗಿ."

ಬಂಗಾರಿಯ ಬಾಯಿಂದ ಕೊಂಕಿಲ್ಲದ ಮಾತು ಬಂದದ್ದೇ ಜನಕ್ಕೆ ಸರಿ ಕಾಣಲಿಲ್ಲ. ಬೊಮ್ಮಯ್ಯ ತುಟಿಯಲ್ಲಿ ಕಚ್ಚಿಕೊಂಡಿದ್ದ ಸೂಜಿಯನ್ನು ತೆಗೆದ.

"ಆಟ ಚಲೋ ಇತ್ತನಾ, ಕುರ್ಚಿ ಚಲೋ ಇತ್ತನಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಇಷ್ಟು ದಿನ ಬಂಗಾರಿ ನಗಿಸುತ್ತಿದ್ದ ಜನವೇ ಅದು.

"ಮಳೆ ಬಂತು ಮಾರಾಯಾ, ನೆಲ ಒದ್ದೆ ಆಗಿತ್ತು."

"ಮಳೆ ಎಲ್ಲರ ಮೇಲೂ ಬಂತು. ಕುರ್ಚಿ ನಿಂಗೊಬ್ಬಳಿಗೇ ಸಿಕ್ತು."

ಮಧ್ಯಾಹ್ನದೊಳಗೆ ತಾಳೆ ಹಾಕಿ ಮುಗಿಯಿತು. ಮ್ಯಾನೇಜರ್ ಬಂದು ಎದುರು ಕೂತದ್ದು, ನಕ್ಕದ್ದು, ಈರುಳ್ಳಿ ಕೊಂಡದ್ದು, ಕೊನೆಗೆ ಕುರ್ಚಿ. ಬೆಂಕಿಯಿಲ್ಲದೆ ಹೊಗೆ ಏಳುತ್ತದೆಯೇ? "ಅಷ್ಟು ಸತ್ಯ ಆದ್ರೆ ದೇವಿ ಗುಡಿ ಮುಂದೆ ಆಣೆ ಹಾಕು" ಎಂದ ಬೊಮ್ಮಯ್ಯ. "ಆಣೆ ಹಾಕಿ ಹಾಕಿ ಬದನೆ ಮಾರ್ಲನಾ ಇನ್ಮೇಲೆ?" ಎಂದು ಬಂಗಾರಿ ಸಿಡಿದಳು. ಸಿಟ್ಟು ಬಂದದ್ದೂ ಅವಳ ಲೆಕ್ಕಕ್ಕೇ ಜಮೆಯಾಯಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಯಾರೋ ಅಂದರು.

ಅದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ಯಾವಾಗಲೂ ಅವಳಲ್ಲೇ ತರಕಾರಿ ಒಯ್ಯುವ ಹೆಂಗಸೊಬ್ಬಳು ಬೆಂಡೆಕಾಯಿಯ ತುದಿಯನ್ನು ಒಂದೊಂದಾಗಿ ಮುರಿದು ನೋಡಿದಳು. ಇನ್ನೊಬ್ಬಳು ಬದನೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಬೇರೆ ಅಂಗಡಿಗಳಲ್ಲಿ ಎಲ್ಲರೂ ಮಾಡುವುದೇ, ಬಂಗಾರಿಯ ಬುಟ್ಟಿಯಲ್ಲಿ ಈವರೆಗೆ ಯಾರೂ ಮಾಡಿರಲಿಲ್ಲ. ಕಪಾಳಕ್ಕೆ ಹೊಡೆದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಜನ ಚದುರಿದ ಮೇಲೆ ದುರ್ಗಮ್ಮ ಹತ್ತಿರ ಸರಿದು ಪಿಸುಗುಟ್ಟಿದಳು: "ನಂಗೊಬ್ಬಳಿಗೇ ಹೇಳು. ಎಂತ ಕೊಟ್ರು?"

ಆ ದಿನ ಅವರಿಬ್ಬರೂ ಒಟ್ಟಿಗೆ ಚಹ ಕುಡಿಯಲಿಲ್ಲ.

ಮುಂದಿನ ಎರಡು ಆಟಗಳಿಗೆ ಜನವೇ ಇರಲಿಲ್ಲ. ಬುಧವಾರ ಬಸಲಿಂಗಪ್ಪ ಈರುಳ್ಳಿಗೆ ಬಂದವನು ಕೂರಲೂ ಇಲ್ಲ.

"ನಾ ಹೇಳಿದ್ನಿಲ್ಲ, ಹಾಡಿಲ್ಲದ ನಾಟಕ ಓಡಂಗಿಲ್ಲ ಅಂತ. ನಾಳೆ ಒಂದ ಆಟ, ಚಂಪಾಬಾಯಿ ಕಾಲು ಹಿಡದಾಳಂತ ಕೊಡ್ತೀನಿ. ನಾಳೇನೂ ಹಿಂಗ ಆದ್ರ ಇದನ್ನ ಪೆಟ್ಟಿಗ್ಯಾಗ ಹಾಕೂದು. ಹೊನ್ನಾವರದಾಗ ಮತ್ತ 'ಮಲತಾಯಿ' ಹಚ್ಚೂದು."

"ಅದನ್ನ ಪೆಟ್ಟಿಗೇಲಿ ಹಾಕ್ಬೇಡಿ ಒಡ್ಯಾ" ಎಂದಳು ಬಂಗಾರಿ. ಆ ತಟ್ಟೆ ಒರೆಸುವ ಕೈ ಇನ್ನು ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ನೆನೆದರೆ, ಶುಕ್ರನನ್ನು ಇನ್ನೊಮ್ಮೆ ಹೊತ್ತು ಹೋದಂತೆ ಸಂಕಟವಾಗುತ್ತಿತ್ತು.

ಬಸಲಿಂಗಪ್ಪ ಆಚೆ ಹೋದ ಮೇಲೆ ಬೊಮ್ಮಯ್ಯ ತನ್ನ ಗಿರಾಕಿಯೊಬ್ಬನಿಗೆ ಅವಳ ಕಿವಿಗೆ ಬೀಳುವಂತೆ ಹೇಳಿದ: "ಇನ್ಮೇಲೆ ಹಿಂಗೆ ತಿಳ್ಕಳೂದು ಮಾರಾಯಾ. ಬಂಗಾರಿ ಹೌದು ಅಂದ್ರೆ ಅಲ್ಲ, ಅಲ್ಲ ಅಂದ್ರೆ ಹೌದು." ಬಂಗಾರಿ ಸೊಪ್ಪು ಕಟ್ಟುತ್ತಿದ್ದವಳು ಬಾಳೆನಾರನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು. ಬೊಮ್ಮಯ್ಯನ ಮಾತು ಅವಳ ತಲೆಯಲ್ಲಿ ಸುಮಾರು ಹೊತ್ತು ತಿರುಗಿತು.

ಗುರುವಾರ ಬೆಳಿಗ್ಗೆ ಕಂಪನಿಯ ಗಾಡಿ ಮೈಕು ಕಟ್ಟಿಕೊಂಡು ಪೇಟೆಗೆ ಬಂತು. "ಇಂದೇ ಕೊನೆಯ ಆಟ" ಎಂದು ಬಸಲಿಂಗಪ್ಪ ಕೂಗುತ್ತಿದ್ದ. ಬಂಗಾರಿ ಎದ್ದು ಬೀದಿಯ ನಡುವೆ ನಿಂತಳು.

"ಯಾರೂ ಹೋಗ್ಬೇಡಿ! ಹುಳ ಬಿದ್ದ ಆಟ ಅದು! ಮತ್ತೊಂದಿನ ನೋಡೂಕೆ ಬತ್ತೆ ಅಂದ್ರೆ ಕುರ್ಚಿ ಖಾಲಿ ಇಲ್ಲ ಅಂತ್ರಲ್ಲ, ನನ್ನ ಹತ್ರನೇ! ಥೂ, ಅದೂ ಒಂದು ನಾಟ್ಕನಾ? ಹೆಂಡ್ತಿ ಆದವಳಿಗೆ ಅಳೂಕೇ ಬರೂದಿಲ್ಲ!"

ಬಸಲಿಂಗಪ್ಪ ಮೈಕು ಹಿಡಿದುಕೊಂಡು ಬಾಯಿ ತೆರೆದು ನೋಡಿದ. ಕುರ್ಚಿಯನ್ನು ಅವಳು ಕೇಳಿಯೂ ಇರಲಿಲ್ಲ, ಅವನು ಇಲ್ಲವೆಂದೂ ಇರಲಿಲ್ಲ. ಬಂಗಾರಿ ಅವನ ಮುಖ ನೋಡದೆ ಬಂದು ಕೂತಳು. ಹುಟ್ಟಿದಂದಿನಿಂದ ಪೇಟೆಯಲ್ಲಿ ಅವಳು ಆಡಿದ ಮೊದಲ ಸುಳ್ಳು ಅದು.

ಬೊಮ್ಮಯ್ಯನಿಗೆ ಇಷ್ಟೇ ಸಾಕಿತ್ತು. "ಕಂಡ್ರನಾ? ಕುರ್ಚಿ ತಪ್ಪಿತು, ನಾಲಿಗೆ ತಿರುಗಿತು. ಹಾಂಗಾದ್ರೆ ಆಟ ಚಲೋನೇ ಇರ್ಬೇಕು." ಈ ತರ್ಕ ಕುಮಟೆಯವರಿಗೆ ಬಹಳ ಹಿಡಿಸಿತು. ಬಂಗಾರಿಯ ಸುಳ್ಳನ್ನು ಹಿಡಿಯುವುದಕ್ಕೆಂದೇ ಆ ಸಂಜೆ ಜನ ಗುಂಪುಗುಂಪಾಗಿ ಡೇರೆಯ ಕಡೆ ನಡೆದರು. ಬಂಗಾರಿ ಮಾತ್ರ ಹೋಗಲಿಲ್ಲ.

ಶುಕ್ರವಾರ ಡೇರೆ ಬಿಚ್ಚಿದರು. ಪೆಟ್ಟಿಗೆ, ಪರದೆ, ಕುರ್ಚಿಗಳನ್ನು ಹೇರಿಕೊಂಡು, ಮುಂದೆ 'ಎರಡು ತಟ್ಟೆ ಅನ್ನ'ದ ಬೋರ್ಡು ಕಟ್ಟಿಕೊಂಡ ಲಾರಿ ಹೊನ್ನಾವರದ ದಾರಿ ಹಿಡಿದದ್ದನ್ನು ಬಂಗಾರಿ ಪೇಟೆಗೆ ಬರುವಾಗ ನೋಡಿದಳು. ದುರ್ಗಮ್ಮ ತಡವಾಗಿ ಬಂದಳು. ಹೂವಿನ ಬುಟ್ಟಿಯನ್ನು ಧೊಪ್ಪೆಂದು ಇಟ್ಟಳು. ಕಣ್ಣು ಊದಿಕೊಂಡಿತ್ತು.

"ಅಂಥಾ ಆಟಕ್ಕೆ ಹುಳ ಬಿದ್ದದೆ ಅಂದ್ಯಲೇ! ಬಾಯಾದ್ರೂ ಹ್ಯಾಂಗೆ ಬಂತು ನಿಂಗೆ?"

ಬೊಮ್ಮಯ್ಯನೂ ಮಶೀನು ಬಿಟ್ಟು ಎದ್ದು ಬಂದ. ಅವನ ಮುಖ ಬೇರೆ ಕಡೆ ಇತ್ತು. "ಕುರ್ಚಿ ಕೊಟ್ರೆ ಒಂದು ಮಾತು, ಕೊಡದಿದ್ರೆ ಒಂದು ಮಾತು. ನೀ ಸುಳ್ಳಿ ಅಂತ ಈಗ ಸಾಕ್ಷಿ ಸಿಕ್ತಲ. ಇನ್ನು ನೀ ಹೇಳಿದ್ದನ್ನ ಈ ಪೇಟೇಲಿ ನಾಯಿನೂ ನಂಬೂದಿಲ್ಲ."

ಬಂಗಾರಿ ಬಾಯಿ ತೆರೆದಳು. ನಡೆದದ್ದನ್ನೆಲ್ಲ ಹೇಳಿಬಿಡೋಣವೆನ್ನಿಸಿತು. ಸುತ್ತ ನಿಂತವರ ಮುಖಗಳನ್ನು ನೋಡಿದಳು. ಎಲ್ಲರ ಕಣ್ಣೂ ದುರ್ಗಮ್ಮನ ಕಣ್ಣಿನಂತೆಯೇ ಊದಿಕೊಂಡಿತ್ತು.

"ಆತು, ತಪ್ಪಾತು" ಎಂದಳು. "ನಂಗೆ ಸಮಾ ಕಂಡಿರ್ಲಿಲ್ಲ."

ದುರ್ಗಮ್ಮ ಮಾಲೆ ಕಟ್ಟಲು ದಾರ ತೆಗೆದಳು. ಒಂದು ಹೂವು ಇಟ್ಟಳು, ಗಂಟು ಹಾಕಲಾಗಲಿಲ್ಲ. ತಲೆ ಬಗ್ಗಿಸಿಕೊಂಡೇ, ಯಾರಿಗೆಂದಿಲ್ಲದೆ ಹೇಳಿದಳು: "ನಮ್ಮನೆಯವ್ರು ಹೋದ ದಿನ ರಾತ್ರಿ ನಾನೂ..."

ಬಂಗಾರಿ ಬದನೆ ಬುಟ್ಟಿಯನ್ನು ಆಚೆ ಸರಿಸಿ, ಅವಳ ಮಗ್ಗುಲಿಗೆ ಹೋಗಿ ಕೂತಳು.

"ನೀನೂ ಎಂತ?" ಎಂದು ಮೆಲ್ಲಗೆ ಕೇಳಿದಳು. "ಹೇಳು."